ಜಿಲೇಬಿ ಮೀನಿಗೆ ಹಾರ್ಮೋನ್ ಪುಡಿ: ಫೀಡಿಗೆ ಕಲಸುವ ಮೊದಲು ಮೀನು ಮಗುಚಿ ನೋಡಿ

ಕುಮಟಾದವರೆ, ನೀವು ಇಲ್ಲಿ ಹಾಕಿದ ಫೋಟೋ ನೋಡಿದೆ. ಮೂರೂವರೆ ತಿಂಗಳಾದರೂ ಗಿಫ್ಟ್ ತಿಲಾಪಿಯಾ (ಜಿಲೇಬಿ ಮೀನಿನ ಸುಧಾರಿತ ತಳಿ) 100 ಗ್ರಾಂ ದಾಟಿಲ್ಲ, ಯಾರೋ ಕೊಟ್ಟ ಹಾರ್ಮೋನ್ ಪುಡಿ ಫೀಡಿಗೆ ಕಲಸುತ್ತಿದ್ದೀರಿ, ಡೋಸ್ ಎಷ್ಟು ಅಂತ ಕೇಳಿದ್ದೀರಿ. ಡೋಸ್ ಸೊನ್ನೆ ಮಾರಾಯ್ರೆ. ಅದೂ ಬರಿಗೈಯಲ್ಲಿ ಕಲಸೋದಾ? ಮೊದಲು ಕೈ ತೊಳೀರಿ. ಇಂಥ ಪುಡಿಯಲ್ಲಿರುವ ಗಂಡು ಹಾರ್ಮೋನು, ಮೀಥೈಲ್ ಟೆಸ್ಟೋಸ್ಟೆರಾನ್, ಚರ್ಮದಿಂದಲೂ ಒಳಗೆ ಹೋಗುತ್ತದೆ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಆ ಪೊಟ್ಟಣದ ಹತ್ತಿರ ಸುಳಿಯಲೂಬಾರದು.

ಬೈತಿದ್ದೇನೆ ಅಂತ ಬೇಜಾರು ಬೇಡ. 2019ರಲ್ಲಿ ನಾನೂ ಇದೇ ಮಾಡಿದವನು. ಶಿರಸಿ ಕಡೆ ಅಡಿಕೆ ತೋಟದ ಕೆಳಗೆ ಎರಡು ಗುಂಟೆ ಹೊಂಡ. ಏಜೆಂಟ್ ಒಬ್ಬ 'ಮೊನೊಸೆಕ್ಸ್', ಅಂದರೆ ಬರೀ ಗಂಡು ಅಂತ 2000 ಮರಿ ಕೊಟ್ಟ. ಬಿಲ್ಲಿಲ್ಲ. ಏರೇಟರ್ (ನೀರಿಗೆ ಗಾಳಿ ಸೇರಿಸುವ ಯಂತ್ರ) ಇಲ್ಲದ ಹೊಂಡಕ್ಕೆ ಅಷ್ಟು ಬಿಟ್ಟದ್ದೇ ಮೊದಲ ಪೆದ್ದುತನ. ಮೂರು ತಿಂಗಳಿಗೆ ಅಂಚಿನಲ್ಲಿ ಸಣ್ಣ ಮರಿಗಳ ಹಿಂಡು ಕಂಡಿತು. ಕಪ್ಪೆಮರಿ ಅಂದುಕೊಂಡು ಸುಮ್ಮನಾದೆ! ಆಮೇಲೆ ಅವನದೇ ಪರಿಚಯದವನಿಂದ ಪುಡಿ ತಂದು, ಸ್ಪಿರಿಟ್ಟಿನಲ್ಲಿ ಕರಗಿಸಿ, ನೆರಳಲ್ಲಿ ಒಣಗಿಸಿ, 40 ದಿನ ಹಾಕಿದೆ. ಮಾರ್ಚ್‌ನಲ್ಲಿ ಹೊಂಡ ಬತ್ತಿಸಿದಾಗ 300 ಗ್ರಾಮಿನ ಗಂಡುಗಳು ಒಂದು ಬುಟ್ಟಿಯೂ ಇಲ್ಲ. ಉಳಿದದ್ದೆಲ್ಲ ಅಂಗೈಯಗಲ, ಅದರ ಕೆಳಗೆ ಬೆರಳುದ್ದದ್ದು ಲೆಕ್ಕವಿಲ್ಲದಷ್ಟು. ನಮ್ಮನೆ ಬೆಕ್ಕು ಮೂರನೇ ದಿನ ಮೂಸಿಯೂ ನೋಡಲಿಲ್ಲ.

ಆ ಹಾರ್ಮೋನು ಬೆಳವಣಿಗೆಯ ಔಷಧಿಯೇ ಅಲ್ಲ. ಹ್ಯಾಚರಿಯಲ್ಲಿ (ಮರಿ ಮಾಡಿಸುವ ಕೇಂದ್ರದಲ್ಲಿ) ಮರಿ 9–11 ಮಿಲಿಮೀಟರ್ ಇದ್ದಾಗ, ಗಂಡೋ ಹೆಣ್ಣೋ ಇನ್ನೂ ನಿಕ್ಕಿಯಾಗದ ಹೊತ್ತಿನಲ್ಲಿ, ಕಿಲೋ ಫೀಡಿಗೆ 60 ಮಿಲಿಗ್ರಾಂ ಲೆಕ್ಕದಲ್ಲಿ 21ರಿಂದ 28 ದಿನ ಕೊಡುತ್ತಾರೆ. ಎಲ್ಲವೂ ಗಂಡಾಗಲಿ ಅಂತ. ಗಂಡು ಬೇಗ ತೂಗುತ್ತದೆ, ಅಷ್ಟೇ ಗುಟ್ಟು. ಹೆಣ್ಣು ಮೊಟ್ಟೆ, ಮರಿಗಳನ್ನು ಬಾಯಲ್ಲಿಟ್ಟುಕೊಂಡು ಹತ್ತು ಹದಿನೈದು ದಿನ ಹೆಚ್ಚುಕಮ್ಮಿ ಉಪವಾಸ ಇರುತ್ತದೆ, ಮತ್ತೆ ಮೊಟ್ಟೆ, ಮತ್ತೆ ಉಪವಾಸ. ಅದು ಬೆಳೆಯೋದು ಯಾವಾಗ? ನೂರು ಗ್ರಾಮಿನ ಹೆಣ್ಣಿಗೆ ಈಗ ಪುಡಿ ಹಾಕಿದರೆ ಅದು ಗಂಡಾಗುವುದಿಲ್ಲ. ತಿನ್ನುವವರ ತಟ್ಟೆಗೆ ಹಾರ್ಮೋನ್ ಹೋಗುತ್ತದೆ, ಅಷ್ಟೇ ಬಂದ ಲಾಭ.

ಇಲ್ಲೇ ಇನ್ನೊಬ್ಬರು ಓವಾಪ್ರಿಮ್ ಚುಚ್ಚಿ ಅಂದಿದ್ದಾರೆ. ಅಯ್ಯೋ! ಅದು ಕಾಟ್ಲಾ, ರೋಹು ತಾಯಿಮೀನು ಮೊಟ್ಟೆ ಇಡಲಿ ಅಂತ ಹ್ಯಾಚರಿಯವರು ಕೊಡೋ ಇಂಜೆಕ್ಷನ್. ದಪ್ಪ ಆಗೋದಕ್ಕಲ್ಲ.

ಈಗ ನೀವು ಮಾಡಬೇಕಾದ್ದು. ಬೀಸುಬಲೆ ಹಾಕಿ ಇಪ್ಪತ್ತು ಮೀನು ಹಿಡೀರಿ. ಮಗುಚಿ, ಗುದದ ಹಿಂದಿನ ಗುಬುಟಿಗೆ ನೀಲಿ ಶಾಯಿ ಒಂದು ಹನಿ ಬಿಟ್ಟು ಒರೆಸಿ. ಗುದ ಸೇರಿ ಎರಡು ತೂತು ಕಂಡರೆ ಗಂಡು. ಮೂರಿದ್ದು, ನಡುವಿನದು ಅಡ್ಡ ಸೀಳಿನಂತಿದ್ದರೆ ಹೆಣ್ಣು. ಮೊದಲ ಐದಾರು ಮೀನಿಗೆ ತಬ್ಬಿಬ್ಬಾಗುತ್ತದೆ, ಆಮೇಲೆ ಕಣ್ಣು ಪಳಗುತ್ತದೆ. ಇಪ್ಪತ್ತರಲ್ಲಿ ಒಂದು ಹೆಣ್ಣು ಬಂದರೆ ಗಾಬರಿ ಬೇಡ, ಒಳ್ಳೆ ಹ್ಯಾಚರಿ ಮರಿಯಲ್ಲೂ ಅಷ್ಟು ಇರುತ್ತದೆ. ಏಳೆಂಟು ಬಂದರೆ ನಿಮಗೂ ನನ್ನ ಹಾಗೇ ಟೋಪಿ ಬಿದ್ದಿದೆ. ಹೆಣ್ಣು ಆರಿಸಿ ತೆಗೆಯಿರಿ (ಪುಡಿ ತಿಂದದ್ದು ಸಾರಿಗೆ ಬೇಡ), ಗಂಡು ಮಾತ್ರ ಹೊಂಡಕ್ಕೆ ಬಿಡಿ. ಬೇಸರದ ಕೆಲಸ, ಆದರೆ ನನಗೆ ಫಲ ಕೊಟ್ಟದ್ದು ಇದೊಂದೇ. ಎರಡನೇ ವರ್ಷ 600 ಮರಿ ಬಿಟ್ಟೆ, 30 ಗ್ರಾಮಿನಲ್ಲೇ ಹೀಗೆ ಆರಿಸಿದೆ. ಮೀನು ಕಡಿಮೆ, ತಕ್ಕಡಿ ಮೇಲೆ ತೂಕ ಜಾಸ್ತಿ.

ನಿಮ್ಮದು ಉಪ್ಪುನೀರು ಸೇರುವ ಹೊಂಡವಾದರೆ ಸ್ವಲ್ಪ ಚೊಣಕದ (ಸೀಬಾಸ್, ಬೇಟೆಯಾಡುವ ಮೀನು) ಮರಿ ಬಿಡಬಹುದು, ಜಿಲೇಬಿ ಮರಿಗಳನ್ನು ಅದು ತಿಂದು ಹಾಕುತ್ತದೆ. ನಿಮ್ಮ ಮೀನಿಗಿಂತ ಚಿಕ್ಕದು ಬಿಡಿ ಮತ್ತೆ, ಇಲ್ಲದಿದ್ದರೆ ಸಾಕಿದ್ದನ್ನೇ ನುಂಗೀತು. ಮಳೆಗಾಲಕ್ಕೆ ಮೊದಲು ಕೋಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಈ ಮೀನು ಗಜನಿಗೆ (ಉಪ್ಪುನೀರು ಬರುವ ಗದ್ದೆಗೆ), ಅಘನಾಶಿನಿ ಹೊಳೆಗೆ ಇಳಿದರೆ ನಿಮ್ಮೂರವರೇ ಬೈತಾರೆ, ಬೈಯಲೇಬೇಕು. ತಿಲಾಪಿಯಾ ಸಾಕಲು ಮೀನುಗಾರಿಕೆ ಇಲಾಖೆ ಅನುಮತಿಯೂ ಬೇಕು, ಮಾಡಿಸಿದ್ದೀರಿ ತಾನೇ?

ಫೀಡ್ ಬಗ್ಗೆ ಜಗಳ ಬೇಡ. ನನಗೆ ಗ್ರೋವೆಲ್ ಹಿಡಿಸಿದೆ, ಸಿಪಿಯೂ ಅಡ್ಡಿಲ್ಲ. ಚೀಲದ ಮೇಲಿನ ಮೀನಿನ ಚಿತ್ರ ಬಿಟ್ಟು ಪ್ರೋಟೀನ್ ನೋಡಿ, ಈ ಸೈಜಿಗೆ ಶೇಕಡಾ 28–30 ಸಾಕು. ಮೀನಿನ ಒಟ್ಟು ತೂಕದ ನೂರಕ್ಕೆ ಮೂರರಷ್ಟು ಹಾಕಿ. ಮೋಡದ ದಿನ ಅರ್ಧ. ಬೆಳಗಿನ ಜಾವ ಮೀನು ಮೇಲೆ ಬಾಯಿ ಬಿಡುತ್ತಿದ್ದರೆ ಅಂದು ಫೀಡೇ ಬೇಡ. ನಮ್ಮ ಘಟ್ಟದ ಮೇಲಂತೂ ಡಿಸೆಂಬರ್ ಚಳಿಗೆ ಮೀನು ಬಾಯೇ ತೆರೆಯೋದಿಲ್ಲ, ಹಾಕಿದ್ದೆಲ್ಲ ತಳದಲ್ಲಿ ಕೊಳೆಯುತ್ತದೆ.

ತೋಟದ ಕೆಳಗೆ ಹೊಂಡ ಇರುವ ಶಿರಸಿ, ಸಿದ್ದಾಪುರದವರಿಗೆ ಒಂದು ಮಾತು. ಅಡಿಕೆಗೆ ಕೊಳೆ ಔಷಧಿ (ಬೋರ್ಡೋ ದ್ರಾವಣ) ಹೊಡೆದ ಮೇಲೆ ಪಂಪು, ಡ್ರಮ್ಮು ಹೊಂಡದಲ್ಲಿ ತೊಳೀಬೇಡಿ. ನಮ್ಮ ಮೆದು ನೀರಿನಲ್ಲಿ ಅದರಲ್ಲಿರುವ ಮೈಲುತುತ್ತ ಬಹಳ ಬೇಗ ಮೀನು ಕೊಲ್ಲುತ್ತದೆ. ತೋಟದ ನೀರು ಹೊಂಡಕ್ಕೆ ಇಳಿಯದ ಹಾಗೆ ಮೇಲೊಂದು ಕಾಲುವೆ ತೆಗೆದು ತಿರುಗಿಸಿ.

ಶಾಯಿ ಹಾಕಿದ ಫೋಟೋ ಹಾಕಿ ಕುಮಟಾದವರೆ, ಹತ್ತಿರದಿಂದ ತೆಗೆದದ್ದು. ಪುಡಿ ಪೊಟ್ಟಣ ಬಾವಿ ಹತ್ತಿರ ಎಸೀಬೇಡಿ ಮತ್ತೆ.