ಅಕ್ಕೋರ ಅಂಚೆ: ಹಿಂದಿನ ಬೆಂಚಿನ ಹುಡುಗ

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನಾನು ಗುಳೇದಗುಡ್ಡದವ. ಮನೆಯಲ್ಲಿ ಖಣದ ಮಗ್ಗ ಇದೆ. ನಮ್ಮ ಓಣಿಯ ಹುಡುಗನೊಬ್ಬ ಹೋದ ವರ್ಷ ಯೇಸುವನ್ನು ನಂಬಿ ಸಭೆಗೆ ಬಂದ. ಮೊದಮೊದಲು ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. ಈಗ ಬಂದರೂ ಹಿಂದಿನ ಬೆಂಚಿನಲ್ಲಿ ಕೂತು, ಆಶೀರ್ವಾದಕ್ಕೂ ಮೊದಲೇ ಎದ್ದು ಹೋಗುತ್ತಾನೆ. ಒಮ್ಮೆ ಪ್ರಾರ್ಥನೆ ಕೂಟದಲ್ಲಿ ಏನೋ ತಪ್ಪು ಮಾತಾಡಿದ. ಹಿರಿಯರೊಬ್ಬರು ಎಲ್ಲರ ಮುಂದೆಯೇ ತಿದ್ದಿದರು. ಎಳ್ಳಮವಾಸ್ಯೆಗೆ ಮನೆಯವರ ಜೊತೆ ಭೂಮಿತಾಯಿಗೆ ಪೂಜೆ ಮಾಡಿ ಚರಗ (ನೈವೇದ್ಯದ ಅಡುಗೆ) ಚೆಲ್ಲಲು ಹೊಲಕ್ಕೆ ಹೋಗಿದ್ದ ಎಂದು ಮತ್ತಷ್ಟು ಮಾತು ಬಂತು. ಇವನನ್ನು ನಂಬಿಕೆಯಲ್ಲಿ ಬೆಳೆಸುವುದು ಹೇಗೆ? ಒಳ್ಳೆ ಪುಸ್ತಕ ಕೊಡಲೇ, ಪಾಸ್ಟರ್ ಹತ್ತಿರ ಕಳಿಸಲೇ?
– ಒಬ್ಬ ನೇಕಾರ, ಗುಳೇದಗುಡ್ಡ

ಉತ್ತರ: ಪುಸ್ತಕ ಆಮೇಲೆ. ಮುಂದಿನ ಭಾನುವಾರ ನೀವೇ ಹೋಗಿ ಆ ಹಿಂದಿನ ಬೆಂಚಿನಲ್ಲಿ ಅವನ ಪಕ್ಕ ಕೂರಿ.

ನಿಮ್ಮೂರಿಗೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಬಂದದ್ದು 1851ರಲ್ಲಿ. ಅಂಥ ಹಳೆ ಊರುಗಳಲ್ಲಿ ಅಜ್ಜಿಯ ತೊಡೆ ಮೇಲೆ ಕೂತೇ ಹಾಡು ಕಲಿತವರು ಜಾಸ್ತಿ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಅನ್ನೋದನ್ನು ತಮಗೂ ಯಾರೋ ಕಲಿಸಿದ್ದರು ಎಂಬ ನೆನಪೇ ಅವರಿಗೆ ಇರುವುದಿಲ್ಲ. ಪಾಸ್ಟರ್ "ಫಿಲಿಪ್ಪಿಯವರಿಗೆ ಬರೆದ ಪತ್ರ" ಅಂದರೆ ಸಾಕು, ಅವರ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಇವನು ಪಾಪ ಆದಿಕಾಂಡದಿಂದ ಹಾಳೆ ತಿರುವುತ್ತಾನೆ. ಕೀರ್ತನೆಗಳ ತನಕ ಬರುವಷ್ಟರಲ್ಲಿ ಓದು ಮುಗಿದೇ ಹೋಗಿರುತ್ತದೆ. ಪಕ್ಕದವರು ಒಮ್ಮೆ ಓರೆಗಣ್ಣಲ್ಲಿ ನೋಡಿದರೆ ಮುಗಿಯಿತು, ಮುಂದಿನ ವಾರ ಬೈಬಲ್ ಮನೆಯಲ್ಲೇ ಬಿಟ್ಟು ಬರುತ್ತಾನೆ. ನೀವು ಪಕ್ಕದಲ್ಲಿದ್ದರೆ ಪುಟದ ನಂಬರ್ ಮೆಲ್ಲಗೆ ಹೇಳಬಹುದು, ಅಲ್ವಾ?

ಇನ್ನು ಓದು. ವಾರಕ್ಕೊಂದು ಸಂಜೆ ಅವನನ್ನು ಚಹಾಕ್ಕೆ ಕರೆಯಿರಿ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು. 16 ಅಧ್ಯಾಯ, ವಾರಕ್ಕೊಂದು ಅಂದರೆ ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಒಂದು ಅಧ್ಯಾಯ ಅವನೇ ಓದಲಿ. ಇಲ್ಲಿ ಯೇಸು ಏನು ಮಾಡಿದ, ನಿನಗೆ ಯಾವುದು ತಿಳಿಯಲಿಲ್ಲ ಎಂದು ಕೇಳಿ. ಕೇಳಿ ಸುಮ್ನೆ ಇರಿ. ನಮ್ಮವರಿಗೆ ಇದೇ ಕಷ್ಟ, ಅವನು ಬಾಯಿ ತೆರೆಯುವ ಮೊದಲೇ ಅರ್ಧ ಪ್ರಸಂಗ ಮಾಡಿ ಮುಗಿಸಿರುತ್ತೇವೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಪಾಸ್ಟರ್ ಹತ್ತಿರ ಇಬ್ಬರೂ ಕೂಡಿ ಹೋಗಿ. ಓದಲು ತಡವರಿಸಿದರೆ ಮೊಬೈಲ್‌ನಲ್ಲಿ ಕನ್ನಡ ಆಡಿಯೊ ಬೈಬಲ್ ಹಾಕಿಕೊಡಿ. ಪವರ್‌ಲೂಮ್ ಕೆಲಸಕ್ಕೆ ಹೋಗುವವನಾದರೆ ಆ ಸದ್ದಿನಲ್ಲಿ ಏನೂ ಕೇಳಿಸದು, ರಾತ್ರಿ ಮಲಗುವಾಗ ಕೇಳಲಿ.

ಎಲ್ಲರ ಮುಂದೆ ತಿದ್ದಿದ ವಿಷಯ ನನಗೆ ಸರಿ ಬರಲಿಲ್ಲ. ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ತೆಗೆಯಿರಿ. ಅಪೊಲ್ಲೋಸ ಒಳ್ಳೆ ಮಾತುಗಾರ, ಉತ್ಸಾಹದಿಂದ ಬೋಧಿಸುತ್ತಿದ್ದ. ಆದರೆ ಅವನಿಗೆ ಗೊತ್ತಿದ್ದದ್ದು ಯೇಸುವಿಗೆ ದಾರಿ ಸಿದ್ಧಮಾಡಿದ ಯೋಹಾನನ ದೀಕ್ಷಾಸ್ನಾನದ ತನಕ ಮಾತ್ರ. ಪ್ರಿಸ್ಕಿಲ್ಲ, ಅಕ್ವಿಲ ಇಬ್ಬರೂ ಸಭಾಮಂದಿರದಲ್ಲಿ ಅವನ ಮಾತು ಕೇಳಿದರು. ಅಲ್ಲೇ ಎದ್ದು ನಿಂತು "ತಪ್ಪು" ಅನ್ನಲಿಲ್ಲ. ತಮ್ಮ ಜೊತೆ ಕರೆದುಕೊಂಡು ಹೋಗಿ, ಉಳಿದದ್ದನ್ನು ಸರಿಯಾಗಿ ತಿಳಿಸಿದರು. ಆ ಗಂಡ ಹೆಂಡತಿ ಗುಡಾರ ಮಾಡುವ ಕಸುಬಿನವರು, ನಿಮ್ಮ ಹಾಗೆ ಕೈಕೆಲಸದವರು. ಪೌಲನೂ ಅವರ ಜೊತೆ ಅದೇ ಕೆಲಸ ಮಾಡಿದವನು. ಆ ಹಿರಿಯರಿಗೆ ಈ ಅಧ್ಯಾಯ ತೋರಿಸಿ. ತೋರಿಸುವಾಗ ನೀವೂ ಒಬ್ಬರೇ ಹೋಗಿ, ನಾಲ್ಕು ಜನರ ಮುಂದೆ ಬೇಡ.

ಚರಗದ ಮಾತಿಗೆ ಬರೋಣ. ಅವ್ವ ಬುಟ್ಟಿ ಹೊತ್ತು ಹೊರಟಾಗ ಮಗ ಜೊತೆಗೆ ಹೋಗುವುದರಲ್ಲಿ ನನಗಂತೂ ತಪ್ಪು ಕಾಣುವುದಿಲ್ಲ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಿಚ್ಚಿ ಹೊಲದಲ್ಲಿ ಕೂತು ಉಣ್ಣುವ ದಿನ ಅದು. ಅವತ್ತು ಒಬ್ಬನೇ ಮನೆಯಲ್ಲಿ ಕೂತರೆ ಅವ್ವನಿಗೆ ತಿಳಿಯುವುದು ಒಂದೇ: ಮಗ ಕೈತಪ್ಪಿದ. ಆದರೆ ಪೂಜೆಯಲ್ಲಿ ಕೈಜೋಡಿಸಬೇಕೋ, ನೈವೇದ್ಯ ತಿನ್ನಬೇಕೋ ಅನ್ನೋದು ಬೇರೆ ಪ್ರಶ್ನೆ. ಇದನ್ನು ನೀವೂ ತೀರ್ಮಾನ ಮಾಡಬೇಡಿ, ನಾನೂ ಮಾಡುವುದಿಲ್ಲ. ಕೊರಿಂಥದವರಿಗೂ ಇದೇ ತಲೆನೋವು ಇತ್ತು. ಅವರಿಗೆ ಪೌಲ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ ಅವನ ಜೊತೆ ಓದಿ. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ವಿಚಾರಿಸದೆ ತಿನ್ನಿ ಅನ್ನುತ್ತಾನೆ. ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಬಿಡಿ ಎಂದೂ ಅನ್ನುತ್ತಾನೆ. ಹುಡುಗ ಓದಲಿ, ಪ್ರಾರ್ಥನೆ ಮಾಡಲಿ, ತಾನೇ ನಿರ್ಧರಿಸಲಿ. ಅವ್ವನಿಗೆ ಹೇಳುವುದನ್ನು ಅವನೇ ಮೆತ್ತಗೆ ಹೇಳಲಿ. ನಿಮ್ಮ ಸಭೆಯವರು ಯಾರೂ ಆ ಮನೆಗೆ ಹೋಗಿ ವಾದ ಮಾಡಬೇಡಿ. ಮಾರ್ಕನ 5ನೇ ಅಧ್ಯಾಯದಲ್ಲಿ ದೆವ್ವ ಬಿಟ್ಟ ಮನುಷ್ಯ "ನಿನ್ನ ಜೊತೆ ಬರುತ್ತೇನೆ" ಎಂದು ಬೇಡಿಕೊಂಡರೂ ಯೇಸು ಅವನನ್ನು ಕಳಿಸಿದ್ದು ಮನೆಗೆ, ಅವನ ಸ್ವಂತ ಜನರ ಹತ್ತಿರ.

ಪ್ರಶ್ನೆ: ನಮ್ಮ ಮನೆಕೂಟಕ್ಕೆ ಹೊಸದಾಗಿ ಬಂದ ತಂಗಿಯೊಬ್ಬಳು ಚೆನ್ನಾಗಿ ಸಾಕ್ಷಿ, ಅಂದರೆ ತಾನು ಯೇಸುವನ್ನು ನಂಬಿದ ಕತೆ, ಹೇಳುತ್ತಾಳೆ. ಈಗ ಎಲ್ಲಾ ಕೂಟಕ್ಕೂ ಅವಳನ್ನೇ ಕರೆಯುತ್ತಾರೆ. ಇದು ಒಳ್ಳೆಯದೇ?
– ಒಬ್ಬ ಸಹೋದರಿ, ವಿಜಯಪುರ

ಉತ್ತರ: ಒಂದೆರಡು ಸಲ ಒಳ್ಳೆಯದು. ಆಮೇಲೆ ಜನ ಎಲ್ಲಿ ಅಳುತ್ತಾರೆ ಅನ್ನೋದು ಹೇಳುವವರಿಗೆ ಗೊತ್ತಾಗಿಬಿಡುತ್ತದೆ, ಕತೆ ಅಲ್ಲಿ ಸ್ವಲ್ಪ ಉದ್ದವಾಗುತ್ತದೆ. ಅದು ಅವಳ ತಪ್ಪಲ್ಲ, ಮೈಕ್ ಕೊಟ್ಟವರದು. ಹೊಸ ವಿಶ್ವಾಸಿಯನ್ನು ಸಭೆಯ ಮೇಲ್ವಿಚಾರಕನನ್ನಾಗಿ ಮಾಡಬೇಡ, ಅವನು ಉಬ್ಬಿ ಬಿದ್ದಾನು ಎಂದು ಪೌಲ ತಿಮೊಥೆಯನಿಗೆ ಬರೆದದ್ದು ಇಂಥ ಭಯಕ್ಕೇ. ಜೊತೆಗೆ, ಎಲ್ಲರ ಮುಂದೆ ಗೆದ್ದ ಕತೆ ಹೇಳಿದವಳು ನಾಳೆ ಮನೆಯಲ್ಲಿ ಜಗಳವಾದರೆ, ಪ್ರಾರ್ಥನೆ ಬೇಸರವಾದರೆ ಯಾರ ಹತ್ತಿರ ಹೇಳಬೇಕು?

ಮೊದಲು ಅವಳನ್ನೇ ಕೇಳಿ, ದಣಿವಾಗಿದೆಯಾ ಎಂದು. ಹೌದು ಅಂದರೆ ಸಂಡೇ ಸ್ಕೂಲ್‌ನಲ್ಲಿ ಮಕ್ಕಳನ್ನು ಕೂರಿಸುವುದೋ, ಕಾಯಿಲೆಯವರ ಮನೆಗೆ ನಿಮ್ಮ ಜೊತೆ ಬರುವುದೋ, ಯಾರೂ ಚಪ್ಪಾಳೆ ತಟ್ಟದ ಕೆಲಸವೊಂದನ್ನು ಕೊಡಿ. ಕೂಟಕ್ಕೆ ಕರೆಯುವವರಿಗೆ ಅವಳು ಇಲ್ಲ ಅನ್ನಲಾರಳು. ನೀವೇ ಫೋನ್ ಮಾಡಿ, ಈಸ್ಟರ್ ತನಕ ಅವಳನ್ನು ಬಿಟ್ಟುಬಿಡಿ ಎಂದು ಹೇಳಿ.