ಜೀನ್ ಸೇರಿಸಿದ ಮೇಲೆ ಇನ್ನೇನು ಕೆಲಸ ಉಳಿದಿರುತ್ತದೆ?

"ಔಷಧ ತಯಾರಿಸುವ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಮುಗಿಯಿತಲ್ಲ, ಮತ್ತೇಕೆ ವಿಜ್ಞಾನಿಗಳು ವರ್ಷಗಟ್ಟಲೆ ಅದರ ಹಿಂದೆ ಬೀಳುತ್ತಾರೆ?" ಎಂದು ಕೇಳಿದ್ದೀರಿ. ನಾನು ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವನು. ಜೀನ್ ಸೇರಿಸುವುದು ಈಗ ನಿಜಕ್ಕೂ ಸುಲಭ. ಬೇಕಾದ ಡಿಎನ್‌ಎ ತುಣುಕನ್ನು ಹೊರಗಿನಿಂದ ಮಾಡಿಸಿ ತರಿಸಿಕೊಳ್ಳಬಹುದು. ಕಷ್ಟ ಶುರುವಾಗುವುದು ಆಮೇಲೆ. ನಮ್ಮ ಔಷಧದಿಂದ ಜೀವಕೋಶಕ್ಕೆ ಬಿಡಿಗಾಸಿನ ಲಾಭವೂ ಇಲ್ಲ. ಅದಕ್ಕೆ ಬೇಕಾಗಿರುವುದು ಬೆಳೆಯುವುದು, ಒಂದು ಎರಡಾಗುವುದು. ತಿನ್ನುವ ಸಕ್ಕರೆಯಲ್ಲಿ ನಮಗೂ ಪಾಲು ಕೊಡು ಎಂದರೆ ಅದೇಕೆ ಒಪ್ಪೀತು?

ಬ್ಯಾಕ್ಟೀರಿಯಾದಿಂದ ಇನ್ಸುಲಿನ್ ಮಾಡಲಿಲ್ಲವೇ ಎನ್ನಬಹುದು. ಇನ್ಸುಲಿನ್ ಸ್ವತಃ ಪ್ರೋಟೀನ್, ಜೀನ್‌ನಲ್ಲಿ ಬರೆದಿರುವುದು ಅದನ್ನೇ. ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್ ಹಾಗಲ್ಲ. ಒಂದು ಕಿಣ್ವ (ಕೋಶದೊಳಗೆ ರಾಸಾಯನಿಕ ಕ್ರಿಯೆ ನಡೆಸಿಕೊಡುವ ಪ್ರೋಟೀನ್) ಮಾಡಿಕೊಟ್ಟದ್ದನ್ನು ಮುಂದಿನ ಕಿಣ್ವ ತಿದ್ದುತ್ತಾ, ಅದನ್ನು ಇನ್ನೊಂದು ತಿದ್ದುತ್ತಾ ಹೋದರೆ ಮಾತ್ರ ಅಂಥ ಅಣು ಹುಟ್ಟುತ್ತದೆ.

2003ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಜೇ ಕೀಸ್ಲಿಂಗ್ ಅವರ ತಂಡ ಯೀಸ್ಟ್‌ನ ಒಂದು ಪೂರ್ತಿ ಕಿಣ್ವಸಾಲನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಕೂರಿಸಿ, ಆರ್ಟೆಮಿಸಿನಿನ್‌ಗೆ ಮೂಲವಾಗುವ ಅಮಾರ್ಫಡೈಯೀನ್ ತಯಾರಿಸಿತು. ಆದರೆ ಸಾಲಿನ ಮೊದಲ ಕಿಣ್ವಗಳನ್ನು ಹೆಚ್ಚಿಸಿದರೆ ಕೋಶಗಳ ಬೆಳವಣಿಗೆಯೇ ಕುಂಠಿತವಾಗುತ್ತಿತ್ತು. ಎಚ್‌ಎಂಜಿ-ಕೋಎ ಎಂಬ ಮಧ್ಯಂತರ ವಸ್ತು ರಾಶಿಬೀಳುತ್ತಿತ್ತು, ಅದನ್ನು ಮುಂದಕ್ಕೆ ಸಾಗಿಸಬೇಕಾದ ಕಿಣ್ವ ಸಾಲುತ್ತಿರಲಿಲ್ಲ, ಶೇಖರವಾದದ್ದು ಕೋಶಕ್ಕೇ ವಿಷವಾಗುತ್ತಿತ್ತು. ಆ ಮುಂದಿನ ಕಿಣ್ವದ ಪ್ರಮಾಣವನ್ನು ಸರಿಹೊಂದಿಸಿದ ಮೇಲೆ ಕೋಶ ಉಸಿರಾಡಿತು. ನನ್ನ ದಿನದ ಬಹುಪಾಲು ಹೋಗುವುದೂ ಇಂಥದ್ದರಲ್ಲಿಯೇ: ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಕ್ರೊಮಟೊಗ್ರಾಫ್ ಯಂತ್ರ ಬರೆದುಕೊಟ್ಟ ಗೆರೆಯಲ್ಲಿ ನಮಗೆ ಬೇಕಾದ ವಸ್ತುವಿನ ಶಿಖರಕ್ಕಿಂತ ಅದರ ಹಿಂದಿನದರ ಶಿಖರ ಎತ್ತರವಾಗಿದೆಯೇ ಎಂದು ಹುಡುಕುವುದು. ಇದ್ದರೆ, ತಡೆ ಅಲ್ಲಿದೆ.

ಮುಂದೆ ಅವರು ಯೀಸ್ಟ್‌ಗೆ ಬದಲಾಯಿಸಿದರು. 2006ರಲ್ಲಿ ಲೀಟರಿಗೆ ಸುಮಾರು 100 ಮಿಲಿಗ್ರಾಂ ಆರ್ಟೆಮಿಸಿನಿನ್‌ಗೆ ಇನ್ನೂ ಹತ್ತಿರದ ಆರ್ಟೆಮಿಸಿನಿಕ್ ಆಮ್ಲ ಬಂತು. 2013ರ ಹೊತ್ತಿಗೆ 25 ಗ್ರಾಂ. ನಡುವೆ ಆದದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. ಆಮ್ಲಜನಕ ಸೇರಿಸುವ ಪಿ450 ಕಿಣ್ವಕ್ಕೆ ಎಲೆಕ್ಟ್ರಾನ್ ಒದಗಿಸುವ ಜೊತೆಗಾರ ಕಿಣ್ವವನ್ನು ಅವರು ಹೆಚ್ಚಿಸಲಿಲ್ಲ, ಇಳಿಸಿದರು. ಇವೆರಡರ ಅನುಪಾತ ತಪ್ಪಿದರೆ ಕೋಶವನ್ನು ಸುಡುವ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಮಧ್ಯದಲ್ಲಿ ಬರುವ ಆಲ್ಡಿಹೈಡ್ ಕೂಡ ಕೆಡುಕಿನದು. ಅದು ಕೂಡಲೇ ಆಮ್ಲವಾಗಲೆಂದು ಗಿಡದಿಂದಲೇ ಇನ್ನಷ್ಟು ಕಿಣ್ವಗಳನ್ನು ತಂದು ಸೇರಿಸಿದರು. ಆಮ್ಲ ಕೋಶದ ಹೊರಗೆ ಹರಳುಗಟ್ಟಿ ಕೂರುತ್ತಿದ್ದುದರಿಂದ, ಅದು ಕರಗಿಕೊಳ್ಳುವಂತೆ ದ್ರವದ ಮೇಲೆ ಒಂದು ಎಣ್ಣೆಯ ಪದರ ಸುರಿದರು. ಜೀನ್ ಪಟ್ಟಿ ನೋಡಿ ಯಾರೂ ಊಹಿಸಲಾಗದ ಪರಿಹಾರಗಳಿವು.

ಸಾಲಿನಲ್ಲಿ ಒಂದು ಕಿಣ್ವ ಸೋಮಾರಿಯಾಗಿದ್ದರೆ ಕಿಣ್ವವನ್ನೇ ತಿದ್ದಬೇಕು. ಇದಕ್ಕೆ ದಾರಿ ತೋರಿಸಿದವರಲ್ಲಿ ಫ್ರಾನ್ಸಿಸ್ ಅರ್ನಾಲ್ಡ್ ಮುಖ್ಯರು. 2018ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದದ್ದು ಇದಕ್ಕೇ. ಎಲ್ಲಿ ಬದಲಿಸಬೇಕೆಂದು ತಲೆ ಕೆಡಿಸಿಕೊಳ್ಳದೆ ಜೀನ್‌ನಲ್ಲಿ ಅಡ್ಡಾದಿಡ್ಡಿ ಬದಲಾವಣೆ ಮಾಡಿ, ಹುಟ್ಟಿದ ಸಾವಿರಾರು ರೂಪಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ, ಅದನ್ನೇ ಮತ್ತೆ ಬದಲಿಸುವುದು. ಪ್ರೋಟೀನ್ ಕತ್ತರಿಸುವ ಕಿಣ್ವವಾದರೆ ಆರಿಸುವುದು ಸಲೀಸು: ಹಾಲಿನ ಪ್ರೋಟೀನ್ ಬೆರೆಸಿದ ತಟ್ಟೆಯಲ್ಲಿ ಬೆಳೆಸಿದರೆ ಚುರುಕಿನ ಕಿಣ್ವವಿರುವ ಬ್ಯಾಕ್ಟೀರಿಯಾ ಗುಂಪಿನ ಸುತ್ತ ತಿಳಿಯಾದ ಬಳೆ ಮೂಡುತ್ತದೆ, ಬಳೆ ದೊಡ್ಡದಾದಷ್ಟೂ ಕಿಣ್ವ ಒಳ್ಳೆಯದು. ಇಂಥ ಗುರುತು ಸಿಗದ ಕಿಣ್ವವಾದರೆ ಒಂದೊಂದು ಮಾದರಿಯನ್ನೂ ಅಳೆಯಬೇಕು. ಮಧುಮೇಹದ ಸಿಟಾಗ್ಲಿಪ್ಟಿನ್‌ಗಾಗಿ ಕೊಡೆಕ್ಸಿಸ್ ಮತ್ತು ಮರ್ಕ್ ಕಂಪನಿಗಳು ತಿದ್ದಿದ ಕಿಣ್ವದಲ್ಲಿ ಕೊನೆಗೆ 27 ಬದಲಾವಣೆಗಳಿದ್ದವು. ಆರಂಭದ ಕಿಣ್ವವೋ, ಸಿಟಾಗ್ಲಿಪ್ಟಿನ್ ಆಗಬೇಕಾದ ಅಣುವನ್ನು ಮುಟ್ಟುತ್ತಲೇ ಇರಲಿಲ್ಲ.

ಇಷ್ಟೆಲ್ಲ ಗೆದ್ದರೂ ಮಾರುಕಟ್ಟೆ ಕೈಕೊಡಬಹುದು. ಯೀಸ್ಟ್ ಮೂಲದ ಆರ್ಟೆಮಿಸಿನಿನ್ ತಯಾರಿಸಲು ಸನೋಫಿ ಎಂಬ ಔಷಧ ಕಂಪನಿ ಕಾರ್ಖಾನೆ ಸಜ್ಜುಗೊಳಿಸಿತು. ಅಷ್ಟರಲ್ಲಿ ಗಿಡದಿಂದ ತೆಗೆದ ಆರ್ಟೆಮಿಸಿನಿನ್ ಅದಕ್ಕಿಂತ ಅಗ್ಗವಾಗಿತ್ತು. 2015ರಲ್ಲಿ ಆ ಕಾರ್ಖಾನೆಯಿಂದ ಯೀಸ್ಟ್‌ನ ಆರ್ಟೆಮಿಸಿನಿನ್ ಒಂದಿಷ್ಟೂ ಹೊರಬರಲಿಲ್ಲ.