ಕನಜವಾದ ಪೈನ್ ಮರ, ಅಕ್ರಿಲಿಕ್ ಮಂಜು: ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕಾ, ನಿಮ್ಮ ಚಿತ್ರವನ್ನು ಎರಡು ದಿನದಿಂದ ತೆರೆದು ತೆರೆದು ನೋಡುತ್ತಿದ್ದೇನೆ. ಜಪಾನಿನ ಕನಜವಾದಲ್ಲಿದ್ದ ಮೂರು ವರ್ಷ ನೀವು ದಿನವೂ ದಾಟಿ ಹೋಗುತ್ತಿದ್ದ ಕೆನ್ರೊಕುಎನ್ ಉದ್ಯಾನ, ಹಿಮದ ಬೆಳಗು, ಕೊಂಬೆಗಳನ್ನು ಹಗ್ಗದಲ್ಲಿ ಎತ್ತಿ ಕಟ್ಟಿದ ಪೈನ್ ಮರ. ಅಕ್ರಿಲಿಕ್‌ನಲ್ಲಿ (ನೀರಲ್ಲಿ ಕಲಸುವ, ಒಣಗಿದರೆ ಪ್ಲಾಸ್ಟಿಕ್ಕಿನಂತಾಗುವ ಬಣ್ಣ) ಬರೆದ, ಮರಗಳಿಗೆ ಕವಿದ ಮಂಜು ಗೋಡೆಗೆ ಸುಣ್ಣ ಬಳಿದಂತೆ ಏಕೆ ಕಾಣುತ್ತದೆ, ಮೂಲೆಯಲ್ಲಿ ಕೆಂಪು ಮುದ್ರೆ ಹಾಕಬಹುದೇ ಎಂದು ಕೇಳಿದ್ದೀರಿ. ನಿಮಗೆ ನನಗಿಂತ ಮೊದಲು ಉತ್ತರಿಸಿದ ಒಬ್ಬರು ಅಕ್ರಿಲಿಕ್ ಬಿಟ್ಟು ಜಲವರ್ಣ ಹಿಡಿಯಿರಿ ಎಂದಿದ್ದಾರೆ. ಇನ್ನೊಬ್ಬರು ಹಿಂದೆ ಒಂದು ಫ್ಯೂಜಿ ಪರ್ವತ ಇಟ್ಟರೆ ಕಳೆ ಬರುತ್ತದೆ ಎಂದಿದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಕನಜವಾ ಇರುವುದು ಜಪಾನ್ ಸಮುದ್ರದ ಕಡೆಗೆ. ಅಲ್ಲಿ ನೀವು ಕಾಣದ ಫ್ಯೂಜಿಗೆ ನಿಮ್ಮ ನೆನಪಿನಲ್ಲಿ ಏನು ಕೆಲಸ?

ಮೊದಲು ಸುಣ್ಣದ ವಿಷಯ. ಎಡಗಡೆಯ ಮರದ ಬುಡವನ್ನು ದೊಡ್ಡದು ಮಾಡಿ ನೋಡಿದೆ. ಕಾಂಡವನ್ನು ಪೂರ್ತಿ ಕಪ್ಪಿನಲ್ಲಿ ಬರೆದು, ಒಣಗಿದ ಮೇಲೆ ಟೈಟಾನಿಯಂ ಬಿಳಿ ಎಳೆದಿದ್ದೀರಿ. ಬಿಳಿಯ ಅಡಿಯಿಂದ ಕಾಂಡ ನೀಲಿ ಬೂದಿಯಾಗಿ ಇಣುಕುತ್ತಿದೆ, ಅಂಚು ಬ್ಲೇಡಿನಲ್ಲಿ ಕೊಯ್ದಂತಿದೆ. ನಾನೂ ಒಂದು ವರ್ಷ ಇದನ್ನೇ ಮಾಡಿ ರಾಶಿ ಸಿಮೆಂಟು ತಯಾರಿಸಿದ್ದೇನೆ. ಚೀನಾ, ಜಪಾನಿನ ಮಸಿಚಿತ್ರಗಳಲ್ಲಿ ಮಂಜಿಗೆಂದು ಬಣ್ಣವೇ ಇರುವುದಿಲ್ಲ. ಮುಟ್ಟದೆ ಬಿಟ್ಟ ಕಾಗದವೇ ಮಂಜು.

ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಜಪಾನಿನ ಚಿತ್ರಕಾರ ಹಸೆಗಾವಾ ತೋಹಾಕು (1539–1610) ಬರೆದ ಪೈನ್ ಮರಗಳ, ಮಡಚಿ ನಿಲ್ಲಿಸುವ ಜೋಡಿ ತೆರೆಗಳಿವೆ. ಒಂದೊಂದಕ್ಕೂ ಆರು ಮಡಿಕೆ, ಬರೀ ಮಸಿ. ಅಂತರ್ಜಾಲದಲ್ಲಿ ಒಳ್ಳೆಯ ಚಿತ್ರ ಸಿಗುತ್ತದೆ, ಹಿಗ್ಗಿಸಿ ನೋಡಿ. ಹತ್ತಿರದ ಮರದ ಎಲೆಗಳು ಪೊರಕೆಯಲ್ಲಿ ಗೀಚಿದಷ್ಟು ಒರಟು. ಅದರ ಹಿಂದಿನ ಮರ ಉಸಿರು ತಾಗಿದ ಗಾಜಿನಾಚೆ ನಿಂತಂತೆ ಮಾಸಲು. ನಡುವೆ ಏನೂ ಇಲ್ಲ. ತೋಹಾಕು ಹುಟ್ಟಿದ್ದು ನೋತೋ ದ್ವೀಪಕಲ್ಪದ ನನಾವೊದಲ್ಲಿ. ಅದು ನಿಮ್ಮ ಕನಜವಾ ಇರುವ ಇಷಿಕಾವಾ ಪ್ರಾಂತ್ಯವೇ. ಲೆಕ್ಕಕ್ಕೆ ಆತ ನಿಮ್ಮ ನೆರೆಮನೆಯವನು!

ಹಾಗಾಗಿ ಬಣ್ಣ ಕಲಸುವ ಮೊದಲು ಎಲ್ಲೆಲ್ಲಿ ಕೈ ಇಡುವುದಿಲ್ಲ ಎಂಬುದನ್ನು ಪೆನ್ಸಿಲಿನಲ್ಲಿ ತೆಳುವಾಗಿ ಗುರುತು ಮಾಡಿಕೊಳ್ಳಿ. ಕಾಂಡ ಬುಡ ಮುಟ್ಟಬೇಕಾಗಿಲ್ಲ, ನಡುವಿನಲ್ಲೇ ಕರಗಲಿ.

ಈ ಕರಗಿಸುವ ಕೆಲಸ ನಿಮ್ಮ ಕ್ಯಾನ್ವಾಸಿನ ಮೇಲೆ ಕಷ್ಟ. ಅಂಗಡಿಯ ಕ್ಯಾನ್ವಾಸಿಗೆ ಬಳಿದಿರುವ ಜೆಸ್ಸೊ ಎಂಬ ಬಿಳಿ ತಳಬಣ್ಣ ನೀರನ್ನು ಅಷ್ಟಾಗಿ ಹೀರುವುದಿಲ್ಲ. ತೆಳು ಬಣ್ಣ ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗಾಗುತ್ತದೆ. ಬರೀ ನೀರು ಜಾಸ್ತಿ ಹಾಕಿ ತೆಳುಮಾಡಿದರೆ ಬಣ್ಣವನ್ನು ಹಿಡಿದಿಡುವ ಅಂಟು ಸೋಲುತ್ತದೆ, ಒಣಗಿದ ಮೇಲೂ ಒದ್ದೆ ಬಟ್ಟೆಗೆ ಎದ್ದುಬರುತ್ತದೆ. ನನ್ನ ಸಲಹೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಜಲವರ್ಣ ಕಾಗದ. ನಾಲ್ಕೂ ಅಂಚಿಗೆ ಟೇಪು ಹಾಕಿ ಹಲಗೆಗೆ ಬಿಗಿಯಿರಿ. ಕಾಗದದ ನಾರು ಬಣ್ಣವನ್ನು ಹಿಡಿದುಕೊಳ್ಳುವುದರಿಂದ ಅಲ್ಲಿ ನೀರು ಧಾರಾಳವಾಗಿ ಬಳಸಬಹುದು. ಕ್ಯಾನ್ವಾಸೇ ಬೇಕೆಂದರೆ ಹೀರುವ ಗುಣದ ಗ್ರೌಂಡ್ (ತಳಬಣ್ಣ) ಎರಡು ಪದರ ಬಳಿದು, ಬಣ್ಣಕ್ಕೆ ನೀರಿನ ಜತೆ ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ, ಹೊಳಪಿಲ್ಲದ ಅಕ್ರಿಲಿಕ್ ಅಂಟು) ಸೇರಿಸಿ. ಮೀಡಿಯಂ ಹಸಿಯಿದ್ದಾಗ ಹಾಲಿನಂತಿದ್ದು ಒಣಗಿದಾಗ ತಿಳಿಯಾಗುತ್ತದೆ, ಆದ್ದರಿಂದ ಬಣ್ಣ ನೀವು ಎಣಿಸಿದ್ದಕ್ಕಿಂತ ಗಾಢವಾಗುತ್ತದೆ. ಪಕ್ಕದಲ್ಲಿ ಒಂದು ಚೂರು ಕಾಗದ ಇಟ್ಟುಕೊಂಡು ಒಣಗಿಸಿ ನೋಡುತ್ತಿರಿ.

ಕುಂಚ ಎರಡು ಬೇಕು, ಅಗಲವಾದ ಮೃದು ಕೂದಲಿನವು. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಬರೀ ನೀರು. ಕಾಂಡವನ್ನು ಮೇಲಿನಿಂದ ಎಳೆದು ತಂದು, ನಿಲ್ಲಿಸಿದ ಕೂಡಲೇ ಕೆಳಗಿನಿಂದ ನೀರಿನ ಕುಂಚ ತಂದು ಅಂಚಿಗೆ ತಾಗಿಸಿ. ಜಪಾನಿನಲ್ಲಿ ಹೀಗೆ ಬಣ್ಣವನ್ನು ಇಲ್ಲವಾಗಿಸುತ್ತ ಹೋಗುವುದಕ್ಕೆ ಬೊಕಾಷಿ ಎನ್ನುತ್ತಾರೆ. ಕೋಣೆಯ ಫ್ಯಾನ್ ನಿಲ್ಲಿಸುವುದನ್ನು ಮರೆಯಬೇಡಿ, ಗಾಳಿಗೆ ಬಣ್ಣ ಬೇಗ ಒಣಗಿಬಿಡುತ್ತದೆ. ಬೇಸಿಗೆಯಲ್ಲಿ ನಾನು ಈ ಕೆಲಸವನ್ನು ಬೆಳಗ್ಗೆ ಏಳರೊಳಗೆ ಮುಗಿಸುತ್ತೇನೆ, ಆಮೇಲೆ ಅಂಚು ಮಾತು ಕೇಳುವುದಿಲ್ಲ.

ಕಪ್ಪಿನ ಬಗ್ಗೆ ಒಂದು ಮಾತು. ಅಲ್ಲಿನ ಮಸಿ ಒಂದೇ ಬಗೆಯದಲ್ಲ: ಪೈನ್ ಮರ ಸುಟ್ಟ ಮಸಿ ತೆಳುವಾದಾಗ ನೀಲಿಗೆ ಓಡುತ್ತದೆ, ಎಣ್ಣೆ ದೀಪದ ಮಸಿ ಕಂದಿಗೆ. ಕಾರ್ಬನ್ ಬ್ಲ್ಯಾಕಿಗೆ ಚಿಟಿಕೆ ಬರ್ನ್ಟ್ ಅಂಬರ್ (ಕಂದು) ಸೇರಿಸಿ ಹತ್ತಿರದ ಮರಕ್ಕೆ, ಚಿಟಿಕೆ ಅಲ್ಟ್ರಾಮರೀನ್ (ನೀಲಿ) ಸೇರಿಸಿ ದೂರದ ಮರಕ್ಕೆ ಬಳಸಿ. ಬಿಳಿ ಟ್ಯೂಬನ್ನು ಅಂದಿನ ಮಟ್ಟಿಗೆ ಕಪಾಟಿನಲ್ಲಿಟ್ಟು ಬೀಗ ಹಾಕಿ.

ಜಲವರ್ಣ ಹಿಡಿಯಿರಿ ಎಂದವರಿಗೂ ಒಂದು ಮಾತು. 1903ರಲ್ಲಿ ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್ ಮತ್ತು ಹಿಷಿದಾ ಶುನ್ಸೊ ಕಲ್ಕತ್ತೆಗೆ ಬಂದಿದ್ದರು. ತೈಕಾನ್ ಒದ್ದೆ ಕುಂಚ ಆಡಿಸುವುದನ್ನು ನೋಡಿದ ಬಂಗಾಳದ ಚಿತ್ರಕಾರ ಅವನೀಂದ್ರನಾಥ ಠಾಕೂರರು ತಮ್ಮ ವಾಷ್ ಪದ್ಧತಿಯನ್ನು ರೂಢಿಸಿಕೊಂಡರು; ಅವರ ಬಳಿ ಕಲಿತ ನಮ್ಮ ಕೆ. ವೆಂಕಟಪ್ಪನವರಿಗೂ ಆ ಹದ ದಕ್ಕಿತು. ಚಿತ್ರವನ್ನೇ ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಬಣ್ಣ ಕೊಡುವ ಕೆಲಸವದು. ಒಣಗಿದ ಅಕ್ರಿಲಿಕ್ ನೀರಿಗೆ ಮತ್ತೆ ಕರಗುವುದಿಲ್ಲವಾದ್ದರಿಂದ ಅದ್ದುವುದಕ್ಕೆ ಜಲವರ್ಣಕ್ಕಿಂತ ಇದೇ ಗಟ್ಟಿ. ತಪ್ಪನ್ನು ತೊಳೆದು ತೆಗೆಯಲಾಗದು ಎಂಬುದೊಂದೇ ಕೊರತೆ.

ಇನ್ನು ಹಗ್ಗ. ಕೊಂಬೆಗಳನ್ನು ಎತ್ತಿ ಹಿಡಿಯುವ ಈ ಹಗ್ಗಗಳಿಗೆ ಯುಕಿಜುರಿ ಎನ್ನುತ್ತಾರೆ. ಅದನ್ನು ಕಟ್ಟುವ ಕೆಲಸ ಕೆನ್ರೊಕುಎನ್‌ನಲ್ಲಿ ಪ್ರತಿ ವರ್ಷ ನವೆಂಬರ್ 1ಕ್ಕೆ ಕರಸಾಕಿ ಪೈನ್ ಎಂಬ ಮರದಿಂದ ಶುರುವಾಗುತ್ತದೆ, ನೀವೇ ನೋಡಿರುತ್ತೀರಿ. ನೀರು ತುಂಬಿದ ಭಾರದ ಹಿಮಕ್ಕೆ ಕೊಂಬೆ ಮುರಿಯಬಾರದೆಂದು ಕಂಬದ ತುದಿಯಿಂದ ಛತ್ರಿಯಂತೆ ಇಳಿಬಿಟ್ಟು ಬಿಗಿಯುತ್ತಾರೆ. ನಿಮ್ಮ ಚಿತ್ರದಲ್ಲಿ ಹಗ್ಗ ಬಟ್ಟೆ ಒಣಹಾಕುವ ತಂತಿಯಂತೆ ಜೋತುಬಿದ್ದಿದೆ. ನೇರವಾಗಿರಲಿ. ಮೊದಲೇ ಮಾಸ್ಕಿಂಗ್ ಫ್ಲೂಯಿಡ್‌ನಲ್ಲಿ (ಕಾಗದಕ್ಕೆ ಬಣ್ಣ ತಾಗದಂತೆ ಕಾಯುವ, ಕೊನೆಗೆ ಉಜ್ಜಿ ತೆಗೆಯುವ ದ್ರವ) ಗೆರೆ ಎಳೆದುಕೊಳ್ಳಿ, ಅದು ಪೂರ್ತಿ ಒಣಗಿದ ಮೇಲೆ ಬಣ್ಣ. ಎಲ್ಲ ಹಗ್ಗ ಬರೆಯಬೇಡಿ, ಆರೇಳು ಸಾಕು.

ನೆನಪಿನ ಚಿತ್ರಕ್ಕೆ ನಾನು ಮತ್ತೆ ಮತ್ತೆ ನೋಡುವುದು ಚೀನಾದ ಚಿತ್ರಕಾರ ವು ಗ್ವಾನ್‌ಜೋಂಗ್ ಅವರನ್ನು. ಹುಟ್ಟಿದ್ದು 1919ರಲ್ಲಿ, ಜಿಯಾಂಗ್ಸುವಿನ ಯಿಷಿಂಗ್‌ನಲ್ಲಿ; ಪ್ಯಾರಿಸಿನಲ್ಲಿ ಓದಿ 1950ರಲ್ಲಿ ಮರಳಿದರು. ತಮ್ಮ ಹುಟ್ಟೂರ ಸೀಮೆಯ ಬಿಳಿ ಗೋಡೆ, ಕಪ್ಪು ಹೆಂಚನ್ನು ದಶಕಗಟ್ಟಲೆ ಬರೆದರು. 1981ರ ‘ಎರಡು ಬಾನಾಡಿಗಳು’ ಚಿತ್ರದಲ್ಲಿ ಉದ್ದಾನುದ್ದ ಗೋಡೆ ಹೆಚ್ಚುಕಡಿಮೆ ಬರಿ ಕಾಗದ, ಹಕ್ಕಿಗಳು ಬರೀ ಎರಡು ಚುಕ್ಕಿ. ಮನೆ ಹೇಗಿತ್ತೆಂದು ವಿವರಿಸುವ ಅವಸರ ಅದರಲ್ಲಿಲ್ಲ.

ಮುದ್ರೆ ಹಾಕಿ, ಧಾರಾಳವಾಗಿ. ಆದರೆ ಎಲ್ಲಿಂದಲೋ ನಕಲು ಮಾಡಿದ, ಅರ್ಥ ಗೊತ್ತಿಲ್ಲದ ಅಕ್ಷರ ಬೇಡ. ಅದು ಬರೆದವರ ಗುರುತು, ಅಲಂಕಾರದ ಬೊಟ್ಟಲ್ಲ. ದೊಡ್ಡ ರಬ್ಬರಿನಲ್ಲಿ ನಿಮ್ಮ ಹೆಸರಿನ ಮೊದಲ ಕನ್ನಡ ಅಕ್ಷರವನ್ನು ತಿರುಗುಮುರುಗಾಗಿ ಕೊರೆದು, ಕಿತ್ತಳೆಗೆ ಓಡುವ ಕೆಂಪಿನಲ್ಲಿ ಒತ್ತಿ. ಒತ್ತಿದ ಕೂಡಲೇ ರಬ್ಬರನ್ನು ತೊಳೆಯಿರಿ, ಇಲ್ಲವಾದರೆ ಗೆರೆಗಳೊಳಗೆ ಬಣ್ಣ ಪ್ಲಾಸ್ಟಿಕ್ಕಾಗಿ ಕೂರುತ್ತದೆ.

ಮುಂದಿನ ಸಲಕ್ಕೆ ಅರ್ಧ ಹಾಳೆ, ಎರಡೇ ಮರ. ಫೋಟೊವನ್ನು ಕಿಟಕಿಯ ಬೆಳಕಿನಲ್ಲಿ ತೆಗೆದು ಹಾಕಿ. ಟ್ಯೂಬ್‌ಲೈಟಿನ ಅಡಿಯಲ್ಲಿ ಬೂದಿ ಯಾವುದು, ನೀಲಿ ಯಾವುದು ಎಂದು ನನಗೆ ತಿಳಿಯುವುದಿಲ್ಲ.